ಸಹಾಯ ಬೇಕು: ಟಿಪ್ಪು ಸಿಪಾಯಿಗಳ ಅಂಗಿ ಕೊಳೆಯಾಗಿ ಕಾಣ್ತಿದೆ

ಎಲ್ಲರಿಗೂ ನಮಸ್ಕಾರ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮೇಜಿನ ಮೇಲೆ ಯುದ್ಧದಾಟವಾಗಿ ಆಡೋಣ ಅಂತ 28 ಎಂಎಂ ಎತ್ತರದ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಕಂಪನಿ ಕಡೆಯ ಕೆಂಪು ಕೋಟಿನವರು ಸುಲಭವಾಗಿ ಮುಗಿದರು. ಸಿಕ್ಕಿಕೊಂಡಿರುವುದು ಟಿಪ್ಪುವಿನ ಸಿಪಾಯಿಗಳಲ್ಲಿ. ನೇರಳೆ ಅಂಗಿ, ಅದರ ತುಂಬ ಹುಲಿ ಪಟ್ಟೆ ನೆನಪಿಸುವ ಬಿಳಿ ಚುಕ್ಕೆ, ತಲೆಗೆ ಕೆಂಪು ಪೇಟ.

ಮೊದಲ ನಾಲ್ಕು ಗೊಂಬೆಗೆ ನೇರಳೆ ಬಳಿದು, ಚುಕ್ಕೆ ಇಟ್ಟು, ಕೊನೆಗೆ ಕಪ್ಪು ವಾಶ್ (ಮಡಿಕೆಗಿಳಿದು ನೆರಳು ತೋರಿಸುವ ನೀರಾದ ಬಣ್ಣ) ಹಾಕಿದೆ. ಚುಕ್ಕೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಬೆನ್ನ ಮೇಲೆ ವಾಶ್ ನಿಂತು ಒಣಗಿ, ಲೋಟದ ಕೆಳಗೆ ಉಳಿಯುವ ಕಾಫಿ ಕಲೆಯ ಹಾಗೆ ಅಂಚು ಬಿಟ್ಟಿದೆ. ಸಿಪಾಯಿ ಕೆಸರಲ್ಲಿ ಹೊರಳಿ ಬಂದಂತಿದೆ!

ಐದನೆಯದಕ್ಕೆ ವಾಶ್ ಮೊದಲು, ಚುಕ್ಕೆ ಆಮೇಲೆ. ಈಗ ಚುಕ್ಕೆ ಬೆಳ್ಳಗಿದೆ ನಿಜ, ಆದರೆ ಮಡಿಕೆಯೊಳಗಿನದೂ ಅಷ್ಟೇ ಹೊಳೆಯುತ್ತೆ. ನೆರಳು ಬಿದ್ದ ಕಡೆ ಬಿಳಿ ಸ್ವಲ್ಪ ಮಂಕಾಗಬೇಕಲ್ವಾ? ನೆರಳಿನಲ್ಲಿರುವ ಚುಕ್ಕೆಗೆ ತಿಳಿ ಬೂದು, ಉಬ್ಬಿದ ಕಡೆ ಮಾತ್ರ ಅಪ್ಪಟ ಬಿಳಿ ಹಾಕಿದರೆ ಸರಿಹೋಗುತ್ತಾ? ಒಂದೊಂದು ಅಂಗಿಗೆ ಮೂವತ್ತು ಚುಕ್ಕೆ, ಇನ್ನೂ ಇಪ್ಪತ್ತು ಗೊಂಬೆ ಬಾಕಿ. ಸುಮ್ನೆ ಪ್ರಯೋಗ ಮಾಡುತ್ತಾ ಕೂರುವ ಧೈರ್ಯ ಇಲ್ಲ.

ಇನ್ನೊಂದು ವಿಷಯ. ನೇರಳೆಗೆ ಬಿಳಿ ಬೆರೆಸಿದರೆ ಸುಣ್ಣ ಬಳಿದ ಹಾಗಾಗುತ್ತೆ. ಉಬ್ಬಿದ ಭಾಗ ತಿಳಿ ಮಾಡಲು ಗುಲಾಬಿ ಬೆರೆಸಬೇಕಾ, ತಿಳಿ ನೀಲಿನಾ? ಕಪ್ಪು ವಾಶ್ ಬದಲು ಕಡು ನೇರಳೆಯನ್ನೇ ನೀರಾಗಿಸಿ ಮಡಿಕೆಗೆ ಮಾತ್ರ ಬಿಟ್ಟವರು ಇದ್ದರೆ ದಯವಿಟ್ಟು ಫೋಟೋ ಹಾಕಿ. ಹಾಳಾದ ನಾಲ್ವರನ್ನು ತೊಳೆಯದೆ ಇಟ್ಟಿದ್ದೇನೆ, ಅವರ ಮೇಲೇ ಮೊದಲು ನೋಡುತ್ತೇನೆ.