ಮೂರು ನಿವಾರಾ, ಒಂದೇ ಶೀಟ್: 40 ಹಾಸಿಗೆಗೆ 46 ಜನ ಹೇಗೆ?

ಸಯನ್_ಸರ್ಕಲ್:
ಮುಂಬೈನ ಮೂರು ರಾತ್ರಿ ನಿವಾರಾಗಳ (ಮನೆಯಿಲ್ಲದವರು ರಾತ್ರಿ ತಂಗುವ ಜಾಗ) ಹಾಜರಿ ಒಂದೇ ಗೂಗಲ್ ಶೀಟ್‌ಗೆ ಬರುತ್ತದೆ. ಎರಡು ಕಡೆ ತಾರೀಖು-ಗಂಟೆ ತಾನೇ ಒತ್ತುವ ಗೂಗಲ್ ಫಾರ್ಮ್ ಇದೆ, ಕುರ್ಲಾದಲ್ಲಿ ತಾರೀಖು ಕೈಯಲ್ಲೇ ಹೊಡೆಯುತ್ತಾರೆ. ಏಪ್ರಿಲ್ ಲೆಕ್ಕ ತೆಗೆದರೆ ದಾದರ್‌ನಲ್ಲಿ ಒಂದು ರಾತ್ರಿ 40 ಹಾಸಿಗೆಗೆ 46 ಜನ! ಕುರ್ಲಾದ್ದು 4ನೇ ತಾರೀಖು ಬಿಟ್ಟರೆ ತಿಂಗಳೆಲ್ಲ ಖಾಲಿ. ಒಟ್ಟು ಎಷ್ಟು ಮಂದಿ ಬಂದಿದ್ದರು ಅನ್ನೋ ಸಂಖ್ಯೆಯಂತೂ ನಂಬೋ ಹಾಗೇ ಇಲ್ಲ.

ಲೆಕ್ಕದ_ಪುಸ್ತಕ:
46ರ ಹಿಂದಿನ ರಾತ್ರಿ ನೋಡಿ, 34ರ ಆಸುಪಾಸು ಇರಬೇಕು. ಕೇಟರಿಂಗ್ ಕೆಲಸ ಮುಗಿಸಿ ಹನ್ನೆರಡೂವರೆಗೆ ಬಂದವರಿಗೆ ಫಾರ್ಮ್ ಮರುದಿನದ ತಾರೀಖು ಒತ್ತುತ್ತದೆ. ಫಾರ್ಮ್ ಒತ್ತಿದ ತಾರೀಖು-ಗಂಟೆಯಿಂದ (ಟೈಮ್‌ಸ್ಟಾಂಪ್) 0.25, ಅಂದರೆ ಕಾಲು ದಿನ, ಕಳೆದು ಇಂಟ್ (INT) ಫಂಕ್ಷನ್‌ಗೆ ಹಾಕಿ; ಅದು ಗಂಟೆ ತೆಗೆದು ತಾರೀಖು ಮಾತ್ರ ಉಳಿಸುತ್ತದೆ. ಆಗ ದಿನ ಬದಲಾಗುವುದು ಬೆಳಗ್ಗೆ 6ಕ್ಕೆ.

ಕುರ್ಲಾದ್ದು ಲೊಕೇಲ್ ಕಾಟ, ಅಂದರೆ ಯಾವ ದೇಶದ ಪದ್ಧತಿಯಲ್ಲಿ ತಾರೀಖು ಓದಬೇಕು ಅನ್ನೋ ಸೆಟ್ಟಿಂಗ್. ಫೈಲ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 05/04 ಅಂದರೆ ಮೇ 4. 04/04 ಹೇಗೆ ಓದಿದರೂ ಒಂದೇ, ಅದಕ್ಕೇ ಅದೊಂದು ಬದುಕಿತು. 13ರಿಂದ ಮುಂದಿನದು ತಾರೀಖೇ ಅಲ್ಲ, ಬರೀ ಅಕ್ಷರ. ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇಂಡಿಯಾ ಮಾಡಿ. ಹಳೆಯ ಸಾಲುಗಳು ತಾವಾಗಿ ಸರಿಹೋಗಲ್ಲ: 1ರಿಂದ 12ಕ್ಕೆ ಡೇಟ್ ಫಂಕ್ಷನ್‌ನಲ್ಲಿ ದಿನ-ತಿಂಗಳು ಅದಲುಬದಲು ಮಾಡಿ, ಉಳಿದದ್ದಕ್ಕೆ ಅಕ್ಷರವನ್ನು ತಾರೀಖು ಮಾಡುವ ಡೇಟ್‌ವ್ಯಾಲ್ಯೂ (DATEVALUE).

ಸಯನ್_ಸರ್ಕಲ್:
ಎರಡೂ ಕೂತವು. ಆದರೆ ಕುರ್ಲಾದ್ದು ಪೂರ್ತಿ ಒಂದು ದಿನ ಹಿಂದೆ ಸರಿದಿದೆ ಸರ್.

ಲೆಕ್ಕದ_ಪುಸ್ತಕ:
ಅಲ್ಲಿಗೂ 0.25 ಕಳೆದಿರಿ. ಗಂಟೆ ಇಲ್ಲದ ತಾರೀಖನ್ನು ಶೀಟ್ ನಡುರಾತ್ರಿ ಅಂತ ಓದುತ್ತದೆ. ಅಲ್ಲಿ ತೆಗೆಯಿರಿ.

ಮಾಟುಂಗಾ_ಕಟ್ಟೆ:
ಇನ್ನು ಹೆಸರಿನ ರಗಳೆ. ಕಲಬುರಗಿ ಕಡೆಯ ಒಬ್ಬನೇ ಹಣಮಂತ ಒಂದು ಕಡೆ ಹನುಮಂತಪ್ಪ, ಇನ್ನೊಂದು ಕಡೆ ಹನ್ಮಂತ. ಊರು ಒಂದರಲ್ಲಿ ಗುಲ್ಬರ್ಗಾ, ಇನ್ನೊಂದರಲ್ಲಿ ಕಲಬುರಗಿ. ಶೀಟ್‌ಗೆ ಅವರು ಮೂವರು. ಕನ್ನಡದಲ್ಲಿ ಹೊಡೆದರೆ ಇನ್ನೊಂದು ಕಿತಾಪತಿ: 'ರಾಜ್‌ಕುಮಾರ್' ನಡುವೆ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್‌ಜಾಯ್ನರ್ ಚಿಹ್ನೆ ಇರುತ್ತದೆ, ಹೆಚ್ಚುವರಿ ಖಾಲಿ ಜಾಗ ತೆಗೆಯುವ ಟ್ರಿಮ್ (TRIM) ಅದನ್ನು ತೆಗೆಯಲ್ಲ. ಹೋಲಿಸುವ ಕಾಲಂನಲ್ಲಿ ಮಾತ್ರ ಸಬ್‌ಸ್ಟಿಟ್ಯೂಟ್ (SUBSTITUTE) ಬಳಸಿ ಯೂನಿಚಾರ್ (UNICHAR) 8204 ಅಂದರೆ ಈ ನಾನ್‌ಜಾಯ್ನರ್, 8205 ಅಂದರೆ ಅದರ ಜೋಡಿ ಜಾಯ್ನರ್, ಎರಡನ್ನೂ ಅಳಿಸಿ.

ಹೆಸರನ್ನೇ ನಂಬಿ ಕೂರಬೇಡಿ. ಮೊದಲ ಸಲ ಬಂದಾಗ ಕಾರ್ಡ್ ನಂಬರ್ ಕೊಡಿ, ಮೂರೂ ಕಡೆ ಅದೇ ನಡೆಯಲಿ. ಕಾರ್ಡ್ ಕಳೆದರೆ ತಾಯಿ ಹೆಸರು, ತಾಲ್ಲೂಕು, ಅಂದಾಜು ಹುಟ್ಟಿದ ವರ್ಷದಿಂದ ಹುಡುಕಿ. ಹೆಸರಿನ ಪಟ್ಟಿ ಬೇರೆ ಫೈಲ್‌ನಲ್ಲಿ, ಇಬ್ಬರ ಕೈಯಲ್ಲಿರಲಿ; ಹಂಚುವ ಶೀಟ್‌ನಲ್ಲಿ ನಂಬರ್ ಮಾತ್ರ. ಆಧಾರ್ ಎಲ್ಲೂ ಬೇಡ.

ವಾರ್ಡ್ ಆಫೀಸಿಗೆ ಕೊಡುವುದಾದರೆ ಹಾಸಿಗೆ-ರಾತ್ರಿ (ಒಂದು ಹಾಸಿಗೆ ಒಂದು ರಾತ್ರಿ ತುಂಬಿದರೆ ಒಂದು), ಬೇರೆ ಬೇರೆ ಜನ ಎಷ್ಟು ಅನ್ನೋದು, ಎರಡನ್ನೂ ಕೊಡಿ. ಒಬ್ಬ 30 ರಾತ್ರಿ ಮಲಗಿದರೂ 30 ಜನ ಒಂದೊಂದು ರಾತ್ರಿ ಮಲಗಿದರೂ ಹಾಸಿಗೆ ಲೆಕ್ಕ ಒಂದೇ, ಬೇಕಾದ ವ್ಯವಸ್ಥೆ ಬೇರೆ. ಇನ್ನೊಂದು ಕಾಲಂ ಕಡ್ಡಾಯ: ಜಾಗವಿಲ್ಲದೆ ವಾಪಸ್ ಹೋದವರು. 2024ರಲ್ಲಿ ಮುಗಿದ ಕೇಂದ್ರದ ನಗರ ಜೀವನೋಪಾಯ ಮಿಷನ್‌ನ ಅಳತೆ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರ ಜಾಗ ಅಂತಿತ್ತು. 2011ರ ಜನಗಣತಿಯಲ್ಲಿ ಮುಂಬೈನ 1.24 ಕೋಟಿಗೆ ಅದು 12,400 ಆಗುತ್ತದೆ. ಯಾವ ವಾರ್ಡಿನಲ್ಲಿ ಕೊರತೆ ಅನ್ನೋದನ್ನು ಆ ಅಳತೆ ಹೇಳಲ್ಲ, ಈ ಕಾಲಂ ಹೇಳುತ್ತದೆ.

ಸಯನ್_ಸರ್ಕಲ್:
ಒಬ್ಬರೇ ಮೂರೂ ಕಡೆ ಹೋಗಿ ವಾಪಸಾದರೆ?

ಮಾಟುಂಗಾ_ಕಟ್ಟೆ:
ಬಾಗಿಲಲ್ಲೇ ಕಾರ್ಡ್ ನಂಬರ್ ಬರೆದುಕೊಳ್ಳಿ. ಕಾರ್ಡಿಲ್ಲದಿದ್ದರೆ ಗಂಟೆ, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಜೊತೆಗೆ ಮಕ್ಕಳಿದ್ದರಾ, ಇಷ್ಟು ಸಾಕು.