ಥಿನ್ನರ್ ವಾಸನೆ: ದೂರಿಗೆ ಮೊದಲು ಗಾಳಿ ಅಳೆಯೋಣ

ಮನೆ 14: ನಮ್ಮ ಮನೆಗಳ ಹತ್ತಿರದ ಪೇಂಟ್ ಶೆಡ್ ಮೇಲಿನ ದೂರಿನ ಕರಡಲ್ಲಿ ‘ಕೆಟ್ಟ ವಾಸನೆ’ ಅಂತಷ್ಟೇ ಇದೆ. ಸಾಲದು, ಥಿನ್ನರ್‌ನಲ್ಲಿ ಇರಬಹುದಾದ, ರಕ್ತದ ಕ್ಯಾನ್ಸರ್ ತರಬಲ್ಲ ರಾಸಾಯನಿಕ ಬೆಂಜೀನ್ ಅಂತ ಹೆಸರು ಹಿಡಿದೇ ಕೇಳಬೇಕು. ಥಿನ್ನರ್‌ನ ಸುರಕ್ಷತಾ ಮಾಹಿತಿ ಪತ್ರ ಕೇಳಿ ತಗೊಳ್ಳಿ. 3ನೇ ವಿಭಾಗದಲ್ಲಿ 71-43-2 ಅನ್ನೋ ಸಿಎಎಸ್ ಸಂಖ್ಯೆ (ರಾಸಾಯನಿಕದ ಗುರುತಿನ ಸಂಖ್ಯೆ) ಇದ್ದರೆ ಅದು ಬೆಂಜೀನ್. ಶೇ 0.1ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನಮೂದಿಸಲ್ಲ. ಪತ್ರದಲ್ಲಿಲ್ಲ ಅಂದ ಮಾತ್ರಕ್ಕೆ ಗಾಳಿಯಲ್ಲೂ ಇಲ್ಲ ಅನ್ನೋ ಹಾಗಿಲ್ಲ.

ಮನೆ 31: ಈಗ ವಾಸನೆ ಅಷ್ಟಾಗಿ ಬರ್ತಿಲ್ಲವಲ್ಲ ಸರ್?

ಮನೆ 14: ಮೂಗನ್ನು ನಂಬಬೇಡಿ ಮೇಡಂ. ಬೆಂಜೀನ್ ವಾಸನೆ ಗೊತ್ತಾಗೋ ಹೊತ್ತಿಗೆ ಸಾಮಾನ್ಯವಾಗಿ 1 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ) ದಾಟಿರುತ್ತೆ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ 8 ಗಂಟೆಯ ಸರಾಸರಿ ಮಿತಿಯೇ ಅಷ್ಟು. ಮಕ್ಕಳು ಮಲಗುವ ಮನೆಗೆ ಆ ಅಳತೆ ಸಲ್ಲದು.

ಮನೆ 9: ದೂರಿನಲ್ಲಿ ಇದನ್ನೂ ಸೇರಿಸಿ. ಉಸಿರಲ್ಲಿ ಒಳಹೋದ ಬೆಂಜೀನನ್ನು ಲಿವರ್ ಫಿನಾಲ್, ಹೈಡ್ರೋಕ್ವಿನೋನ್ ಅನ್ನೋ ಬೇರೆ ರಾಸಾಯನಿಕಗಳಾಗಿ ಮಾರ್ಪಡಿಸುತ್ತೆ. ಇವು ಮೂಳೆಮಜ್ಜೆಗೆ ಹೋದಾಗ ಅಲ್ಲಿರುವ ಮೈಲೋಪೆರಾಕ್ಸಿಡೇಸ್ ಕಿಣ್ವ ಹೈಡ್ರೋಕ್ವಿನೋನನ್ನು ಬೆಂಜೋಕ್ವಿನೋನ್ ಅನ್ನೋ ವಿಷಕಾರಿ ವಸ್ತು ಮಾಡುತ್ತೆ. ರಕ್ತ ಹುಟ್ಟಿಸುವ ಕಾಂಡಕೋಶಗಳ (ಸ್ಟೆಮ್ ಸೆಲ್) ಡಿಎನ್ಎಗೆ ಪೆಟ್ಟು ಬೀಳೋದು ಇಲ್ಲಿ. ತುಂಡಾದ ಎಳೆಗಳು ತಪ್ಪಾಗಿ ಜೋಡಣೆಯಾಗಬಹುದು; 5 ಅಥವಾ 7ನೇ ಕ್ರೋಮೋಸೋಮಿನ ಭಾಗವೇ ಕಳೆದುಹೋಗಬಹುದು. ಬಹಳಷ್ಟು ಕೋಶಗಳು ಸಾಯುತ್ತವೆ, ಅದಕ್ಕೇ ರಕ್ತಕಣ ಇಳಿಯುತ್ತೆ. ಸಾಯದೆ ಉಳಿದ ಕೆಟ್ಟ ಕೋಶದ ಸಂತತಿ ಬೆಳೆದು, ವರ್ಷಗಳ ಮೇಲೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಆಗಬಹುದು.

ಮನೆ 31: ಹಾಗಾದ್ರೆ ಎಲ್ಲರೂ ರಕ್ತ ಪರೀಕ್ಷೆ ಮಾಡಿಸೋಣವೇ?

ಮನೆ 9: ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಬಹುದು, ಆದರೆ ಅದೇ ಸಾಕ್ಷಿ ಆಗಲ್ಲ. ವೈರಲ್ ಜ್ವರಕ್ಕೂ ಬಿಳಿರಕ್ತಕಣ ಇಳಿಯುತ್ತೆ. ವರದಿ ಸರಿಯಿದ್ದರೂ ಅಪಾಯವಿಲ್ಲ ಅಂತಲ್ಲ. ನನ್ನ ಕೇಳಿದರೆ, ಶೆಡ್ಡಿನೊಳಗೆ ದುಡಿಯೋರಿಗೇ ಮೊದಲು ಪರೀಕ್ಷೆ ಆಗಬೇಕು. ಅವರಿಗೆ ಕೆಲಸ ಮುಗಿದ ಕೂಡಲೇ ಮೂತ್ರದಲ್ಲಿ, ದೇಹದೊಳಗೆ ಬೆಂಜೀನ್ ಮಾರ್ಪಟ್ಟು ಬರುವ ಎಸ್-ಫಿನೈಲ್‌ಮರ್ಕ್ಯಾಪ್ಟ್ಯೂರಿಕ್ ಆಮ್ಲ ನೋಡಬೇಕು. ರಜೆ ಕಳೆದು ಬಂದ ಬೆಳಿಗ್ಗೆ ತೆಗೆದರೆ ಉಪಯೋಗವಿಲ್ಲ, ಅಷ್ಟರಲ್ಲಿ ಬಹುಪಾಲು ಹೊರಹೋಗಿರುತ್ತೆ.

ಮನೆ 22: ಅಳತೆ ವಿಷಯ. ಕೈಯಲ್ಲಿ ಹಿಡಿಯೋ ವಿಓಸಿ (ಸುಲಭವಾಗಿ ಆವಿಯಾಗುವ ರಾಸಾಯನಿಕಗಳ) ಮೀಟರ್ ಬೇಡ, ಅದು ಟಾಲ್ವೀನ್, ಬೆಂಜೀನ್ ಎಲ್ಲ ಸೇರಿಸಿ ಒಂದೇ ಅಂಕಿ ಕೊಡುತ್ತೆ. ಲ್ಯಾಬಿನಿಂದ ಪ್ಯಾಸಿವ್ ಸ್ಯಾಂಪ್ಲರ್ (ಪಂಪ್ ಇಲ್ಲದೆ ಗಾಳಿಯಲ್ಲಿನ ಆವಿಯನ್ನು ತಾನೇ ಹಿಡಿದಿಡುವ) ಕೊಳವೆ ತರಿಸೋಣ. ಶೆಡ್ ಪಕ್ಕ ಎರಡು, ಹೋಲಿಸಿ ನೋಡೋಕೆ ಶೆಡ್‌ಗೆ ಗಾಳಿ ಬೀಸಿ ಬರುವ ಕಡೆ ಒಂದು, ಮುಚ್ಚಳ ತೆಗೆಯದೆ ಇಡೋದು ಒಂದು. ಆಳೆತ್ತರದಲ್ಲಿ ಮಳೆ ತಾಗದಂತೆ 14 ದಿನ ಇರಲಿ. ಸ್ಕೂಟರ್ ನಿಲ್ಲಿಸೋ ಕಡೆ, ಜನರೇಟರ್ ಹತ್ತಿರ ಕಟ್ಟಬೇಡಿ. ಪೆಟ್ರೋಲಲ್ಲೂ ಬೆಂಜೀನ್ ಇರುತ್ತೆ, ಶೆಡ್‌ನವರು ಅದನ್ನೇ ತೋರಿಸಿ ವರದಿ ತಳ್ಳಿಹಾಕ್ತಾರೆ. ತೆರೆದ, ಮುಚ್ಚಿದ ನಿಮಿಷ ಬರೆದಿಡದಿದ್ದರೆ ಲೆಕ್ಕವೇ ಬರಲ್ಲ. ಅದಕ್ಕೆ ಒಬ್ಬರೇ ಹೊಣೆ ಇರಲಿ, ಯಾರಾಗ್ತೀರಿ?