ತಾಸಿಗೆ 60 ಅಂದ್ರೆ ಸೆಕೆಂಡಿಗೆ ಎಷ್ಟು?

ಧಾರವಾಡ ಮಾಸ್ತರ: ಮೊನ್ನೆ ಹೆಬ್ಬಳ್ಳಿ ರಸ್ತೆಯಲ್ಲಿ ಬೈಕ್ ಮೇಲೆ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ಮೀಟರ್‌ನಲ್ಲಿ 60 ಇತ್ತು. ಬ್ರೇಕ್ ಒತ್ತಿದೆ, ಅದರ ಬಾಲಕ್ಕೆ ಒಂದು ಮೊಳ ಇದೆ ಅನ್ನುವಾಗ ಗಾಡಿ ನಿಂತಿತು. ಕೈ ನಡುಗುತ್ತಿತ್ತು. ಮನೆಗೆ ಬಂದು ಲೆಕ್ಕ ಹಾಕಿದರೆ ತಾಸಿಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್, ಅಂದ್ರೆ ಎಮ್ಮೆ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಅಷ್ಟು ದೂರ ಹೋಗಿರುತ್ತೇವೆ. ಗಾಡಿ ಮೀಟರ್‌ನಲ್ಲಿ ಸೆಕೆಂಡಿನ ಲೆಕ್ಕವೂ ಕಾಣಬೇಕು.

ಹುಬ್ಬಳ್ಳಿ ಸವಾರ: ಮಾಸ್ತರ್ರೇ, ನಿಮಗೇನೂ ಆಗಲಿಲ್ಲವಲ್ಲ, ಅದು ದೊಡ್ಡದು. ಆದರೆ ಈ ಮಾತು ಒಪ್ಪಲ್ಲ. ಧಾರವಾಡ 20 ಕಿಲೋಮೀಟರ್, 40ರಲ್ಲಿ ಹೋದರೆ ಅರ್ಧ ತಾಸು. ಬಾಯಲ್ಲೇ ಲೆಕ್ಕ ಆಗುತ್ತೆ. ಸೆಕೆಂಡಿಗೆ 11 ಮೀಟರ್ ಅಂತ ಇಟ್ಟುಕೊಂಡು ಎಷ್ಟೊತ್ತಿಗೆ ಮನೆ ಮುಟ್ಟುತ್ತೇನೆ ಅಂತ ಹೇಗೆ ಹೇಳಲಿ?

ಗದಗಿನ ಗಾಳಿ: ನಮ್ಮಲ್ಲಿ ಉಲ್ಟಾ ಸರ್. ಕಪ್ಪತಗುಡ್ಡದ ಕಡೆ ಇರೋ ಗಾಳಿ ಫ್ಯಾನ್‌ಗಳ ಲೆಕ್ಕ ಎಲ್ಲ ಸೆಕೆಂಡಿಗೆ ಮೀಟರ್‌ನಲ್ಲೇ. ಸಾಮಾನ್ಯವಾಗಿ 3 ಮೀಟರ್ ಗಾಳಿಗೆ ಕರೆಂಟ್ ಶುರು, 25 ದಾಟಿದರೆ ಫ್ಯಾನ್ ನಿಲ್ಲಿಸುತ್ತಾರೆ. ಅದೇ ಗಾಳಿಯನ್ನು ಟಿವಿಯವರು ತಾಸಿಗೆ 90 ಕಿಲೋಮೀಟರ್ ಅಂತಾರೆ. ಎರಡೂ ಒಂದೇ, ಕೆಲಸ ಬೇರೆ.

ಹಾವೇರಿ ಹುಡುಗಿ: ರೈಲ್ವೆ ಪರೀಕ್ಷೆಗೆ ಓದುತ್ತಿದ್ದೇನೆ, ದಿನಾ ಇದೇ ಲೆಕ್ಕ. 36 ಅಂದ್ರೆ 10, 72 ಅಂದ್ರೆ 20, ಇಷ್ಟು ನೆನಪಿದ್ದರೆ ಸಾಕು. ಬಾಯಿ ಲೆಕ್ಕಕ್ಕೆ ನಾಲ್ಕರಿಂದ ಭಾಗಿಸಿ, ಬಂದದ್ದಕ್ಕೆ ಅದರದೇ ಹತ್ತನೇ ಒಂದು ಪಾಲು ಸೇರಿಸಿ. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್ ಅಲ್ವಾ, ತಾಸಿಗೆ 54ರಲ್ಲಿ ಹೋಗುವ ಇಂಜಿನ್‌ಗೆ ಅದನ್ನು ದಾಟಲು ಸುಮಾರು 100 ಸೆಕೆಂಡ್ ಬೇಕು.

ಹಳೇ ಹುಬ್ಬಳ್ಳಿ: 1956ರಲ್ಲೇ ಮೆಟ್ರಿಕ್ ಕಾಯ್ದೆ ಬಂತು, ನಮ್ಮಪ್ಪ ಮಾತ್ರ ಕೊನೆವರೆಗೂ ಮೈಲಿನಲ್ಲೇ ಹೇಳುತ್ತಿದ್ದರು. ಕಿಲೋಮೀಟರ್ ಬರೆದ ಕಲ್ಲಿಗೂ ನಾವು ಮೈಲಿಗಲ್ಲು ಅಂತಲೇ ಅನ್ನುತ್ತೇವೆ. ರೂಢಿ ಸುಮ್ನೆ ಬದಲಾಗಲ್ಲ.

ಧಾರವಾಡ ಮಾಸ್ತರ: ಸರಿ, ಊರಿಗೆ ಹೋಗುವ ಲೆಕ್ಕಕ್ಕೆ ಕಿಲೋಮೀಟರೇ ಇರಲಿ. ಆದರೆ ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಜಾರುವ ದೂರ ನಾಲ್ಕು ಪಟ್ಟಾಗುತ್ತೆ, ಇದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಶಾಲೆ ಮುಂದಿನ ಬೋರ್ಡಿನಲ್ಲಾದರೂ 30ರ ಕೆಳಗೆ ‘ಸೆಕೆಂಡಿಗೆ 8 ಮೀಟರ್’ ಅಂತ ಬರೆಯಬೇಕು.

ಹುಬ್ಬಳ್ಳಿ ಸವಾರ: ಇದಕ್ಕೆ ನಾನೂ ಸೈ. ನಮ್ಮ ಓಣಿ ಶಾಲೆಯ ಹೆಡ್‌ಮಾಸ್ತರರನ್ನು ನಾಳೆ ಕೇಳುತ್ತೇನೆ. ಬಣ್ಣದ ಖರ್ಚು ನಂದು.